ಬೋಳು ದನಿಯನ್ನು ಯಾರಿಗೂ ಕೊಡಬೇಡಿ

ಕ್ರಿಸ್ತಶಕ 2293, ಫೆಬ್ರವರಿ 30
ದನಿಮನೆ, ಮಂಗಳೂರು ತೇಲುಪೇಟೆ

ಮಾನ್ಯ ಸುಕೇಶಿನಿ ಅವರಿಗೆ ಧರಣೇಂದ್ರನ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪೆಂದು ತಿಳಿಯಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಒಟ್ಟಿಗೆ ರಜೆ ಕೊಡುತ್ತಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಜೀವಮಾನದಲ್ಲಿ ಒಮ್ಮೆ ಹಿಂದಿನ ಕಾಲಕ್ಕೆ ಪತ್ರ ಕಳಿಸುವ ಹಕ್ಕು ಇಲ್ಲಿ ಪ್ರತಿಯೊಬ್ಬರಿಗೂ ಇದೆ. ಹೆಚ್ಚಿನವರು ಅದನ್ನು ತಮ್ಮ ಮುತ್ತಜ್ಜನನ್ನು ಬೈಯಲು ಬಳಸುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಮನೆಯವರಿಗೆ ನನ್ನಿಂದ ಅನ್ಯಾಯವಾಗಿದೆ.

ದನಿಮನೆ ಎಂದರೆ ಹಳೆಯ ರೆಕಾರ್ಡಿಂಗುಗಳನ್ನು ಜೋಪಾನ ಮಾಡುವ ಕಟ್ಟಡ. ಗಿಟಾರಿನಿಂದ ವೈರಿನಲ್ಲಿ ನೇರವಾಗಿ ಬಂದದ್ದನ್ನು ನಾವು ಬೋಳು ದನಿ ಎನ್ನುತ್ತೇವೆ. ದನಿಯ ಬಣ್ಣ ಬದಲಿಸುವ ಪೆಡಲು, ಆಂಪ್ಲಿಫೈಯರುಗಳನ್ನು ದಾಟಿ ಬಂದದ್ದು ಉಟ್ಟ ದನಿ. ಜಾಗ ಸಾಲದೆಂದು ಬೋಳು ದನಿಯನ್ನಷ್ಟೇ ಉಳಿಸಿಕೊಂಡು ಉಟ್ಟದ್ದನ್ನು ಅಳಿಸುವುದು ಇಲ್ಲಿನ ಪದ್ಧತಿ. ಊಟ ಮುಗಿಸಿ ಕೇಳಲು ಕೂತವರು ತಮಗಿಷ್ಟ ಬಂದ ಪ್ರತಿಧ್ವನಿಯನ್ನು ತಾವೇ ಉಡಿಸಿಕೊಳ್ಳುತ್ತಾರೆ. ನನ್ನ ಪಕ್ಕದ ಮನೆಯವರು ಎಲ್ಲದಕ್ಕೂ ಬಾವಿಯ ಪ್ರತಿಧ್ವನಿಯನ್ನೇ ಉಡಿಸುತ್ತಾರೆ, ಶೋಭಾನೆ ಪದವನ್ನೂ ಬಿಡುವುದಿಲ್ಲ. ಒಟ್ಟಿನಲ್ಲಿ ಬಟ್ಟೆ ಹೋದರೇನು, ಮೈ ಉಳಿಯಿತಲ್ಲ ಎಂದು ನಂಬಿದವರು ನಾವು.

ಕಳೆದ ಮಳೆಗಾಲದಲ್ಲಿ ನಿಮ್ಮ ರೆಕಾರ್ಡಿಂಗ್, ಅದನ್ನು ಮಾಡಿದ ಬಗೆ ಹೇಳುವ ನಿಮ್ಮದೇ ಟಿಪ್ಪಣಿಯ ಜೊತೆ, ನನ್ನ ಮೇಜಿಗೆ ಬಂತು. ಈ ಪತ್ರ ತಲುಪುವಾಗ ನೀವದನ್ನು ಇನ್ನೂ ಮಾಡಿರುವುದಿಲ್ಲ, ಆದರೆ ಉಪಾಯ ಆಗಲೇ ನಿಮ್ಮ ತಲೆಯಲ್ಲಿರುತ್ತದೆ. ಗಿಟಾರಿನ ವೈರನ್ನು ಎರಡಾಗಿ ಒಡೆದು, ಒಂದನ್ನು ನೇರ ರೆಕಾರ್ಡಿಂಗಿಗೆ ಕೊಡುತ್ತೀರಿ. ಇನ್ನೊಂದನ್ನು ಪೆಡಲುಗಳಿಗೆ ಹಾಯಿಸುತ್ತೀರಿ, ಅದೂ ವಾಡಿಕೆಗೆ ವಿರುದ್ಧವಾಗಿ: ಪ್ರತಿಧ್ವನಿ ಹುಟ್ಟಿಸುವ ಡಿಲೇ ಮೊದಲು, ದನಿಯನ್ನು ಒಡಕಾಗಿಸುವ ಡಿಸ್ಟಾರ್ಶನ್ ಆಮೇಲೆ. ಹೀಗೆ ಮಾಡಿದರೆ ಪ್ರತಿಧ್ವನಿಗಳೇ ಒಂದಕ್ಕೊಂದು ತಿಕ್ಕಾಡಿ ಒರಟಾಗುತ್ತವೆ. ಕೊನೆಗೆ ಆಂಪ್ಲಿಫೈಯರನ್ನು ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಸುಡುಗೂಡಿನೊಳಗೆ ಇಟ್ಟು, ಮೈಕನ್ನು ಹೊರಗೆ ನಿಲ್ಲಿಸುತ್ತೀರಿ. ಗೂಡಿನ ಕಬ್ಬಿಣದ ಬಾಗಿಲ ಬಳಿ ನಿಮ್ಮ ತಾಯಿ ಇರುತ್ತಾರೆ. ಒಂದು ಕಾಲದಲ್ಲಿ ಅದೇ ಕಾರ್ಖಾನೆಯಲ್ಲಿ ಹೆಂಚು ಹೊತ್ತವರು.

ಉಟ್ಟ ದನಿಯ ಆರಂಭದಲ್ಲಿ ಅವರ ಮಾತು ಕೇಳಿಸಿತ್ತು. "ಮಗಾ, ನೀನು ಬಾರಿಸು. ಬಾಗಿಲು ನಂಗೆ ಬಿಡು." ಆಮೇಲೆ ಕೀಲಿನ ಕಿರುಗುಟ್ಟುವಿಕೆ. ಕಸವೆಂದುಕೊಂಡು ಎಲ್ಲವನ್ನೂ ಅಳಿಸಿದೆ, ಎರಡನೆಯ ಸಲ ಕೇಳುವ ವ್ಯವಧಾನವೂ ನನಗಿರಲಿಲ್ಲ.

ಆಮೇಲೆ ಬೋಳು ದನಿಯನ್ನು ಹಾಕಿ ನೋಡಿದೆ. ಒಂದು ಸಾಲು ನುಡಿಸಿ ನಿಲ್ಲಿಸುತ್ತೀರಿ; ಮತ್ತೊಂದು ಸಾಲು, ಮತ್ತೆ ಖಾಲಿ. ಆಗಷ್ಟೇ ನನಗೆ ಅರ್ಥವಾಯಿತು. ಆ ಖಾಲಿಗಳಲ್ಲಿ ನಿಮ್ಮ ತಾಯಿ ಬಾಗಿಲನ್ನು ತೆರೆದು ಮುಚ್ಚಿ, ಗೂಡಿನೊಳಗೆ ಮೊರೆಯುತ್ತಿದ್ದ ದನಿಯನ್ನು ಹಿಗ್ಗಿಸಿ ಕುಗ್ಗಿಸಿ ನಿಮಗೆ ಉತ್ತರ ಕೊಡುತ್ತಿದ್ದರು. ಅರ್ಧ ಹಾಡು ಅವರದು. ಇಲ್ಲಿರುವ ಪ್ರತಿಧ್ವನಿಗಳನ್ನೆಲ್ಲ ಉಡಿಸಿ ನೋಡಿದೆ, ಯಾವುದರಲ್ಲೂ ಅವರ ಕೈ ಬರಲಿಲ್ಲ.

ನಿಮ್ಮ ವಂಶದ ಪ್ರಿಸಿಲ್ಲ ಎಂಬ ಹೆಣ್ಣುಮಗಳು ಅದನ್ನು ಕೇಳಲು ಬಂದರು. ಖಾಲಿ ಬಂದಾಗ, ನಿಮ್ಮನ್ನೇ ಅಜ್ಜಿ ಎಂದು ಕರೆಯುತ್ತ, "ಇಲ್ಲಿ ಅಜ್ಜಿ ಎಂತ ಸುಮ್ಮನಿದ್ದಾರೆ ಮಾರಾಯ್ರೆ?" ಎಂದರು. ಆ ಕಾಲದ ಶೈಲಿಯೇ ಹಾಗೆ ಎಂದುಬಿಟ್ಟೆ. ಅವರು ನಂಬಿದರು. ನಾನು ಹೇಡಿ, ಆಮೇಲೆ ಎಷ್ಟು ಸಲ ಎದುರು ಸಿಕ್ಕರೂ ನಿಜ ಹೇಳಲು ಬಾಯಿ ಬರಲಿಲ್ಲ. ಅವರು ಖಾಲಿಗಳ ಸಮೇತ ಅದನ್ನು ಕಲಿತು ಮಗಳಿಗೂ ಕಲಿಸಿದರು. ಮೊನ್ನೆ ಭಾನುವಾರ ಚರ್ಚಿನಲ್ಲಿ ತಾಯಿ ಮಗಳು ಸೇರಿ ನುಡಿಸಿದರು. ನಿಲ್ಲಿಸಿದಲ್ಲೆಲ್ಲ ಸಭೆ ಭಕ್ತಿಯಿಂದ ತಲೆ ಬಾಗಿಸಿತು. ನಾನೂ ಬಾಗಿಸಿದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಎರಡು ದನಿಗಳನ್ನೂ ಬೇರೆ ಬೇರೆ ಇಡಬೇಡಿ. ಯಾವ ಯಂತ್ರಕ್ಕೂ ಬಿಡಿಸಲು ಬಾರದಂತೆ ಒಂದೇ ಟ್ರ್ಯಾಕಿನಲ್ಲಿ ಬೆರೆಸಿ, ತಾಯಿಯ ಮಾತು, ಕೀಲಿನ ಸದ್ದು ಎಲ್ಲವನ್ನೂ ಸೇರಿಸಿ. ಬೋಳು ದನಿಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ, ಮುಖ್ಯವಾಗಿ ನನ್ನ ಕೈಗೆ.

ಇತಿ,
ಧರಣೇಂದ್ರ