ಈಗ ಇನ್ನೊಂದು ಕಡೆ

ಜನವರಿ 6, ಸೋಮವಾರ

ಬೆಳಗಿನ ಬ್ಯಾಚ್ ಮುಗಿಯಿತು. ಕೆಳಗಿನ ಫರ್ನಿಚರ್ ಅಂಗಡಿಯಲ್ಲಿ ವಾರ್ನಿಶ್ ಹೊಡೆಯುತ್ತಿದ್ದರು. ವಾಸನೆ ಹಾಲ್ ತುಂಬ. ಪ್ರಾಣಾಯಾಮ ಬಿಟ್ಟು ಶವಾಸನವನ್ನೇ ಎಳೆದೆ. ಎಲ್ಲರೂ ಮಲಗಿದರು. ಎರಡನೇ ಸಾಲಿನಲ್ಲಿ ಯಾರದೋ ಗೊರಕೆ. ನಾನೊಬ್ಬಳೇ ನಿಂತಿದ್ದೆ, ಮಲಗಿದವರ ಮೇಲೆ ಹೊಟ್ಟೆಕಿಚ್ಚು ಪಡುತ್ತ. ದಿನಕ್ಕೆ ಮೂರು ಸಲ ಶವಾಸನ ಮಾಡಿಸುತ್ತೇನೆ. ನಾನು ಮಾಡಿದ್ದು ಯಾವಾಗಲೋ.

ಮೆಟ್ಟಿಲು ಇಳಿಯುವಾಗ ಹಿಂದಿನಿಂದ ನಮ್ಮ ಬ್ಯಾಚಿನ ಕಂಡಕ್ಟರ್ ದನಿ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ತುಂಬಿದ ಬಸ್ಸಿನ ಗಂಟಲು ಹಾಗೇ ಇದೆ. ಕ್ಲಾಸಿನಲ್ಲಿ ಉಸಿರು ಎಣಿಸುವ ಕೆಲಸ ಅವರದೇ.

"ಏನ್ ಮೇಡಮ್, ಹ್ಯಾಂಡ್‌ಬ್ರೇಕ್ ಹಾಕ್ಕೊಂಡು ಇಳೀತಿದ್ದೀರ?"

"ಚಪ್ಪಲಿ ಕಚ್ತಿದೆ."

ಚಪ್ಪಲಿಯಲ್ಲ. ಎಡ ಸೊಂಟದ ಕೀಲು. ಮೆಟ್ಟಿಲಲ್ಲಿ ಸೂಜಿ ಚುಚ್ಚಿದ ಹಾಗೆ. ಕೂತು ಏಳುವಾಗ ತುಕ್ಕು ಹಿಡಿದ ಕದದ ಹಾಗೆ.

ಮಧ್ಯಾಹ್ನ ಬ್ಯಾಂಕಿನವರ ಕ್ಲಾಸ್, ಮೀಟಿಂಗ್ ಕೋಣೆಯಲ್ಲಿ ಮೇಜು ಸರಿಸಿ. ಸಂಜೆ ಆಸ್ಪತ್ರೆ, ಡ್ಯೂಟಿ ಬಿಟ್ಟ ನರ್ಸ್‌ಗಳಿಗೆ. ಮುಗಿದ ಮೇಲೆ ಮೇಟ್ರನ್ ಕರೆದರು. ಫೆಬ್ರವರಿ ಇಪ್ಪತ್ತಕ್ಕೆ ಆಡಳಿತದವರು ನೋಡಲು ಬರುತ್ತಾರಂತೆ. ಯೋಗದಿಂದ ದೇಹಕ್ಕೆ, ಮನಸ್ಸಿಗೆ ಏನು ಲಾಭ ಅಂತ ನಾನು ಮಾತಾಡಬೇಕು, ಮಾಡಿ ತೋರಿಸಬೇಕು.

"ಒಪ್ಪಿದ್ರೆ ಕಾಯಂ ಹುದ್ದೆ. ಒಪ್ಪದಿದ್ರೆ ಈ ಕ್ಲಾಸೂ ಇರಲ್ಲಮ್ಮ. ಮುಚ್ಚಿಟ್ಟು ಹೇಳೋದೇನಿದೆ?"

ಕಾಯಂ ಅಂದರೆ ಒಂದೇ ಜಾಗ. ಒಂದೇ ಮೆಟ್ಟಿಲು. ಮನೆಗೆ ಬರುವವರೆಗೂ ಅದೊಂದೇ ಯೋಚನೆ.

ಜನವರಿ 9, ಗುರುವಾರ

ಅಕ್ಕ ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ನೋವಿನ ಮುಲಾಮು ತಂದಳು. ಕೇಳಿರಲಿಲ್ಲ. ಅವಳು ದಿನವಿಡೀ ಕೌಂಟರ್ ಹಿಂದೆ ನಿಲ್ಲುವವಳು, ಒಂದು ದಿನ ಯೋಗ ಮಾಡಿದವಳಲ್ಲ. ಅವಳ ಸೊಂಟ ಚೆನ್ನಾಗಿದೆ.

"ಊರವರ ಸೊಂಟನೆಲ್ಲ ರಿಪೇರಿ ಮಾಡ್ತೀಯ. ನಿನ್ನ ಸೊಂಟಕ್ಕೆ ಯಾವ ಗ್ಯಾರೇಜು?"

"ಸುಮ್ನಿರೆ."

"ಸುಮ್ನೆ ಇದ್ದೀನಲ್ಲ. ಮುಲಾಮು ತಂದುಕೊಡೋದು ಬಿಟ್ಟು ಇನ್ನೇನ್ ಮಾಡ್ದೆ? ಡಾಕ್ಟರ ಹತ್ರ ಹೋಗು ಅಂದೆನಾ? ಅನ್ನಲಿಲ್ಲ. ಹೋಗು."

ಫೆಬ್ರವರಿ ಇಪ್ಪತ್ತು ಮುಗಿಯಲಿ ಅಂದೆ.

ಜನವರಿ 15, ಬುಧವಾರ

ಭಾಷಣ ಬರೆಯಲು ಕೂತೆ. ಮೊದಲ ಸಾಲು "ಯೋಗವು ನಮ್ಮ ಬದುಕಿಗೆ ಸಂಜೀವಿನಿ" ಅಂತ ಬಂತು. ಹೊಡೆದು ಹಾಕಿದೆ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು.

ಕಂಡದ್ದು: ಕಂಡಕ್ಟರ್ ಬಂದ ಹೊಸದರಲ್ಲಿ ಬಗ್ಗಿ ಶೂ ಲೇಸ್ ಕಟ್ಟಲಾಗುತ್ತಿರಲಿಲ್ಲ, ಹೆಂಡತಿ ಕಟ್ಟುತ್ತಿದ್ದರು. ಈಗ ಅವರೇ ಕಟ್ಟಿಕೊಳ್ಳುತ್ತಾರೆ. ಬಿಪಿ ಇಳಿದಿದೆ, ಮಾತ್ರೆ ಬಿಟ್ಟಿಲ್ಲ, ಬಿಡಬೇಡಿ ಅಂತ ನಾನೇ ಹೇಳಿದ್ದೇನೆ. ತುರ್ತು ವಾರ್ಡಿನ ಗುಂಗುರು ಕೂದಲಿನ ನರ್ಸ್‌ಗೆ ನೈಟ್ ಡ್ಯೂಟಿಯ ಮಾರನೇ ದಿನ ನಿದ್ದೆ ಹತ್ತುತ್ತಿರಲಿಲ್ಲ. ಉಸಿರು ಉದ್ದ ಬಿಡುವುದನ್ನು ಕಲಿತ ಮೇಲೆ ಹತ್ತುತ್ತದೆ. "ಪೇಷೆಂಟ್ ಮನೆಯವರು ಕೂಗಾಡಿದ್ರೆ ವಾಪಸ್ ಕೂಗ್ತಿದ್ದೆ ಮೇಡಮ್. ಈಗ ಒಂದು ಉಸಿರು ಬಿಟ್ಟು ಆಮೇಲೆ ಕೂಗ್ತೀನಿ." ಬ್ಯಾಂಕಿನ ಕ್ಯಾಷಿಯರ್‌ಗೆ ಕತ್ತು ನೋವು ಹೋಯಿತು. ಸಿಟ್ಟು ಹೋಗಿಲ್ಲ.

ಎಲ್ಲ ನಿಜ. ದಿನಾ ಮಾಡಿದವರಿಗೆ ಸಿಕ್ಕಿದ್ದು, ವಾರಕ್ಕೊಮ್ಮೆ ಬಂದು ಹೋದವರಿಗಲ್ಲ. ಓದಿ ನೋಡಿದೆ. ಎಲ್ಲರೂ ಇದ್ದಾರೆ, ನಾನಿಲ್ಲ. ದಿನಾ ಮಾಡುವವಳು ನಾನೇ ಅಲ್ಲವೇ? ಮತ್ತೆ ನನ್ನ ನಿದ್ದೆ ಎಲ್ಲಿ ಹೋಯಿತು?

ಸುಸ್ತು. ಸಾಕು.

ಜನವರಿ 18, ಶನಿವಾರ

ಅಕ್ಕನ ಹಟವೇ ಗೆದ್ದಿತು. ಮೂಳೆ ಡಾಕ್ಟರ್ ಎಕ್ಸ್‌ರೇ ಹಿಡಿದು ಕಿಟಕಿಗೆ ತಿರುಗಿದರು. ಎಡ ಕೀಲಿನ ಅಂಚು ಸವೆದಿದೆ, ಉರಿಯೂತವಿದೆ.

"ಏನ್ ಕೆಲಸ ಮಾಡ್ತೀರ?"

"ಯೋಗ ಕಲಿಸ್ತೀನಿ."

ಕನ್ನಡಕದ ಮೇಲಿನಿಂದ ನೋಡಿದರು. ನಗಲಿಲ್ಲ, ಅದೊಂದು ಪುಣ್ಯ.

"ಎಡಗಡೆ ಮಾತ್ರ ಯಾಕೆ ಹೀಗೆ? ಬಲಗಡೆ ನೋಡಿ, ಕೀಲಿಗೆ ಏನೂ ಆಗಿಲ್ಲ. ಆದ್ರೆ ಸ್ನಾಯು ಬಿಗಿದುಕೊಂಡಿದೆ, ಬಳಸದೆ ಬಿಟ್ಟ ಹಾಗೆ. ಒಂದು ಕಾಲಿಗೇ ಭಾರ ಬೀಳೋ ಕೆಲಸ ಏನಾದ್ರೂ?"

"ಇಲ್ಲ ಡಾಕ್ಟ್ರೆ. ಯೋಗದಲ್ಲಿ ಎರಡೂ ಕಡೆ ಸಮ."

ಖಡಾಖಂಡಿತವಾಗಿ ಹೇಳಿದೆ.

ಆಳವಾಗಿ ಬಗ್ಗುವುದು, ಕಾಲು ಅಗಲಿಸಿ ನಿಲ್ಲುವುದು ಸದ್ಯಕ್ಕೆ ಬೇಡವಂತೆ. ಹೀಗೇ ಮುಂದುವರಿದರೆ ಕೆಲವು ವರ್ಷಗಳಲ್ಲಿ ಕೀಲು ಬದಲಿಸಬೇಕಾಗಬಹುದು. ಫೆಬ್ರವರಿ ಇಪ್ಪತ್ತರ ಪ್ರದರ್ಶನದಲ್ಲಿ ಇರುವುದೇ ಅವು — ವೀರಭದ್ರಾಸನ, ತ್ರಿಕೋನಾಸನ. ಅಕ್ಕನಿಗೆ ಅರ್ಧ ಹೇಳಿದೆ. ಉಳಿದರ್ಧವನ್ನು ಅವಳು ಔಷಧಿ ಚೀಟಿಯಲ್ಲೇ ಓದಿಕೊಂಡಳು.

ಜನವರಿ 31, ಶುಕ್ರವಾರ

ಬರೆಯಲಾಗಿರಲಿಲ್ಲ. ಮಾತ್ರೆ ನುಂಗಿ ಕ್ಲಾಸ್ ಮಾಡುತ್ತಿದ್ದೇನೆ. ಮಾತ್ರೆ ಇದ್ದಾಗ ಎಲ್ಲ ಬರುತ್ತದೆ. ಇಪ್ಪತ್ತಕ್ಕೆ ಎರಡು ನುಂಗಿದರಾಯಿತು.

ಇವತ್ತು ಕಂಡಕ್ಟರ್ ಕ್ಲಾಸ್ ಮುಗಿದ ಮೇಲೂ ನಿಂತಿದ್ದರು, ಬ್ಯಾಗಿನ ಪಟ್ಟಿ ತಿರುಚುತ್ತ.

"ಮೇಡಮ್, ನಮ್ಮನೆಯವಳದೊಂದು ಕಂಪ್ಲೇಂಟು."

ಕಾಲು ನೋವೆಂದು ಅವರ ಹೆಂಡತಿ ಹಾಲ್‌ವರೆಗೆ ಬರುವುದಿಲ್ಲ. ಅವರಿಗಾಗಿ ಇವರು ತಿಂಗಳ ಹಿಂದೆ ಕ್ಲಾಸನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿದ್ದರು, ನನ್ನನ್ನು ಕೇಳಿಯೇ.

"ದಿನಾ ನೋಡ್ಕೊಂಡು ಮಾಡ್ತಾಳೆ. ಒಂದು ದಿನ ತಪ್ಪಿಸಲ್ಲ. ಈಗ ನೋಡಿದ್ರೆ ಮೈ ಒಂದೇ ಕಡೆ ಸಡಿಲ ಆಗಿದೆ, ಇನ್ನೊಂದು ಕಡೆ ಕಟ್ಟಿಗೆ ಅಂತಾಳೆ. ಇನ್ನೊಂದು ಕಡೆನೂ ಮಾಡೇ ಅಂದ್ರೆ ನನ್ಮೇಲೇ ರೇಗ್ತಾಳೆ — ಟೀಚರ್ ಏನ್ ಮಾಡ್ತಾರೋ ಅದನ್ನೇ ನಾನ್ ಮಾಡೋದು, ನೀವ್ಯಾರು ಹೇಳೋಕೆ, ಅಂತ."

ನಕ್ಕೆ. ನಗು ಬಂದೇ ಬಂತು. "ವಿಡಿಯೊ ಅರ್ಧಕ್ಕೆ ನಿಂತಿರ್ಬೇಕು, ತೋರ್ಸಿ" ಅಂದೆ.

ಅರ್ಧಕ್ಕೆ ನಿಂತಿರಲಿಲ್ಲ. ಪೂರ್ತಿ ಇತ್ತು.

ಫೆಬ್ರವರಿ 1, ಶನಿವಾರ

ನಿನ್ನೆ ಮುಂದೆ ಬರೆಯಲು ಕೈ ಬರಲಿಲ್ಲ. ವಿಡಿಯೊದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನಾನು ಎದುರು ನಿಂತು "ಬಲಗಾಲು ಮುಂದೆ" ಅನ್ನುತ್ತೇನೆ. ಅವರಿಗೆ ಗೊಂದಲವಾಗದಿರಲೆಂದು ನಾನು ಎಡಗಾಲು ಮುಂದಿಡುತ್ತೇನೆ, ಕನ್ನಡಿಯ ಹಾಗೆ. ಕಲಿಸುವವರೆಲ್ಲ ಹೀಗೇ ಮಾಡುವುದು, ತಪ್ಪಲ್ಲ. ಕಂಡಕ್ಟರ್ ಎಣಿಸುತ್ತಾರೆ. ಆಮೇಲೆ "ಈಗ ಇನ್ನೊಂದು ಕಡೆ" ಅನ್ನುತ್ತೇನೆ. ಅಂದವಳು ಎದ್ದು ಸಾಲುಗಳ ನಡುವೆ ನಡೆಯುತ್ತೇನೆ — ಒಬ್ಬರ ಮಂಡಿ ಸರಿಮಾಡಲು, ಇನ್ನೊಬ್ಬರ ಭುಜ ಇಳಿಸಲು. ಅವರು ಎರಡೂ ಕಡೆ ಮಾಡುತ್ತಾರೆ. ನಾನು ಒಂದೇ ಕಡೆ.

ಪ್ರತಿ ಆಸನದಲ್ಲೂ ಹೀಗೆ. ದಿನಕ್ಕೆ ಮೂರು ಕ್ಲಾಸ್. ಅದೂ ಮೈ ಬಿಸಿಯಾಗುವ ಮುಂಚೆ, ಮಾತಾಡುತ್ತ, ಗಡಿಯಾರ ನೋಡುತ್ತ, ತೋರಿಸಲು ಬೇಕಾದಷ್ಟು ಹೊತ್ತು. ಕಲಿಸಲು ಶುರುಮಾಡಿದ ಹೊಸದರಲ್ಲಿ ಬೆಳಗ್ಗೆ ಬೇಗ ಎದ್ದು ನನ್ನದೇ ಅಭ್ಯಾಸ ಮುಗಿಸಿ ಹೊರಡುತ್ತಿದ್ದೆ. ಬ್ಯಾಂಕಿನ ಕ್ಲಾಸ್ ಸೇರಿದ ಮೇಲೆ ಬಿಟ್ಟೆ. ಹೇಗೂ ಇಡೀ ದಿನ ಯೋಗದಲ್ಲೇ ಇರುತ್ತೇನಲ್ಲ ಅಂದುಕೊಂಡು.

ಹದಿನಾಲ್ಕು ವರ್ಷ.

ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅಡುಗೆ ಮಾಡಿ ಮಾಡಿ ಹಾಕಿ ನೀನ್ ಉಣ್ಣೋದೇ ಮರ್ತೆ ಅನ್ನು."

ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಫೆಬ್ರವರಿ 5, ಬುಧವಾರ, ಬೆಳಗ್ಗೆ

ಬೀರುವಿಗೂ ಮಂಚಕ್ಕೂ ನಡುವಿನ ಜಾಗದಲ್ಲಿ ಮ್ಯಾಟ್ ಹಾಸಿದೆ. ಡಾಕ್ಟರ್ ಬೇಡ ಅಂದದ್ದನ್ನು ಬಿಟ್ಟು ಉಳಿದದ್ದು. ಮಲಗಿ ಬಲ ಮಂಡಿಯನ್ನು ಎದೆಗೆ ತಂದೆ. ಬರಲಿಲ್ಲ. ಹೊಸದಾಗಿ ಸೇರಿದವರಿಗೆ "ಪರವಾಗಿಲ್ಲ, ಎಷ್ಟು ಬರುತ್ತೋ ಅಷ್ಟೇ" ಅನ್ನುತ್ತೇನಲ್ಲ, ಆ ಮಾತು ನನ್ನ ಕಿವಿಗೆ ಎಂಥ ಕೃತಕ.

ಮುಂದೆ ನೋಡುವವರಿಲ್ಲ. ಯಾರಿಗೂ ಏನೂ ಹೇಳಬೇಕಿಲ್ಲ. ಬಾಯಿ ಮುಚ್ಚಿ ಮಾಡುವುದೇ ಮರೆತಿದೆ. ಪ್ರತಿ ಚಲನೆಗೂ ಮನಸ್ಸಿನೊಳಗೆ ಕಾಮೆಂಟರಿ ನಡೆಯುತ್ತದೆ.

ಕೊನೆಗೆ ಶವಾಸನ. ಹತ್ತು ಉಸಿರೂ ಆಗಿರಲಿಲ್ಲ, ನಿದ್ದೆ. ಅಕ್ಕ ಕಾಲಿನಿಂದ ಅಲುಗಾಡಿಸಿ ಎಬ್ಬಿಸಿದಳು. "ಬದುಕಿದ್ದೀಯ? ಬ್ಯಾಚು ಕಾಯ್ತಿರತ್ತೆ." ಓಡಿದೆ. ತಡವಾಯಿತು. ಹಾಲ್‌ನಲ್ಲಿ ಕಂಡಕ್ಟರ್ ಆಗಲೇ ಶುರು ಮಾಡಿಸಿದ್ದರು, ಬಸ್ಸು ಹೊರಡಿಸಿದ ಹಾಗೆ.

ಫೆಬ್ರವರಿ 12, ಬುಧವಾರ

ದಿನಾ ಅಷ್ಟಿಷ್ಟು ಮಾಡುತ್ತಿದ್ದೇನೆ. ನೋವು ಹಾಗೇ ಇದೆ. ನಿದ್ದೆ ಮಾತ್ರ ಬಂದಿದೆ, ಸಾಲ ವಸೂಲಿಗೆ ಬಂದವರ ಹಾಗೆ, ಹೊತ್ತಲ್ಲದ ಹೊತ್ತಿನಲ್ಲಿ. ನಿನ್ನೆ ಬಸ್ಸಿನಲ್ಲಿ ಪಕ್ಕದವರ ಭುಜದ ಮೇಲೆ.

ಪ್ರದರ್ಶನಕ್ಕೆ ಮಾತ್ರೆ ನುಂಗಿ ನಿಲ್ಲುವುದೋ? ಬೇಡ ಅನ್ನುವುದೋ? ಗುಂಗುರು ಕೂದಲಿನ ನರ್ಸ್‌ನ ಆಸನಗಳು ಅಚ್ಚುಕಟ್ಟು. ಅವಳು ಮಾಡಿ ತೋರಿಸಲಿ, ನಾನು ಮಾತಾಡುತ್ತೇನೆ ಅಂತ ಮೇಟ್ರನ್‌ಗೆ ಹೇಳಿದೆ. ಕಾರಣವನ್ನೂ ಹೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಅವರ ಮುಂದೆ ಸೊಂಟದ ವಿಷಯ ಎತ್ಬೇಡಿ. ಯೋಗ ಟೀಚರ್‌ಗೇ ಸೊಂಟ ಹೋಗಿದೆ ಅಂದ್ರೆ ಮುಗೀತು ಕತೆ. ಜ್ವರ ಅಂತ ಹೇಳೋಣ."

ತಲೆಯಾಡಿಸಿ ಬಂದೆ.

ಫೆಬ್ರವರಿ 20, ಗುರುವಾರ

ಆಸ್ಪತ್ರೆಯ ಮೇಲ್ಮಹಡಿಯ ಕೋಣೆ. ಆಡಳಿತದವರು ನಾಲ್ವರು, ಮೇಜಿನ ಮೇಲೆ ನೀರಿನ ಬಾಟಲಿಗಳು. ಬರೆದದ್ದನ್ನು ಓದಿದೆ — ಶೂ ಲೇಸ್, ನಿದ್ದೆ, ಕತ್ತು ನೋವು. ಕ್ಯಾಷಿಯರ್‌ನ ಸಿಟ್ಟಿಗೆ ನಕ್ಕರು. ನರ್ಸ್ ಎರಡೂ ಕಡೆ ಮಾಡಿ ತೋರಿಸಿದಳು. ಎಲ್ಲ ಸರಿಯಾಗಿ ಸಾಗಿತ್ತು.

ಕೊನೆಯಲ್ಲಿ ದಪ್ಪ ಮೀಸೆಯವರು ಕೇಳಿದರು. "ನೀವ್ಯಾಕೆ ಮಾಡ್ಲಿಲ್ಲ ಮೇಡಮ್?"

ಮೇಟ್ರನ್ ಬಾಯಿ ತೆರೆದರು. ಅಷ್ಟರಲ್ಲಿ ನಾನೇ ಹೇಳಿದೆ.

"ನನ್ನ ಎಡ ಸೊಂಟದ ಕೀಲು ಸವೆದಿದೆ ಸರ್."

"ಯೋಗ ಮಾಡಿನಾ?"

"ಮಾಡಿ ಅಲ್ಲ. ತೋರ್ಸಿ. ನನ್ನ ಅಭ್ಯಾಸ ಬಿಟ್ಟು ವರ್ಷಗಳಾದ್ವು. ಒಂದೇ ಕಡೆ ಮಾಡಿ ತೋರಿಸ್ತಾ ಬಂದೆ. ಈ ನರ್ಸ್ ನನ್ನಿಂದಲೇ ಕಲಿತವಳು. ನಾನು ಹೇಳಿದ್ದನ್ನ ಮಾಡಿದಳು, ಚೆನ್ನಾಗಿದ್ದಾಳೆ. ನಾನು ಮಾಡ್ಲಿಲ್ಲ."

ಒಬ್ಬರು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. "ತಿಳಿಸ್ತೀವಿ" ಅಂದರು.

ಹೊರಗೆ ಮೇಟ್ರನ್ ಮುಖ ಕೊಡಲಿಲ್ಲ. ನರ್ಸ್ ಲಿಫ್ಟ್‌ವರೆಗೆ ಬಂದಳು. "ಜ್ವರ ಅಂದಿದ್ರೆ ಆಗ್ತಿತ್ತಲ್ಲ ಮೇಡಮ್" ಅಂದಳು. ಆಗುತ್ತಿತ್ತು. ಯಾಕೆ ಅನ್ನಲಿಲ್ಲವೋ. ನಿದ್ದೆ ಚೆನ್ನಾಗಿ ಆಗಿತ್ತು, ಅದಕ್ಕೇ ಇರಬೇಕು.

ಮಾರ್ಚ್ 3, ಸೋಮವಾರ

ಹುದ್ದೆ ಬೇರೆಯವರಿಗೆ ಹೋಯಿತು. ಯುವಕನಂತೆ, ಎರಡೂ ಕಾಲನ್ನು ಕತ್ತಿನ ಹಿಂದೆ ಹಾಕಿ ತೋರಿಸಿದನಂತೆ. ಫೋನಿನಲ್ಲಿ ಮೇಟ್ರನ್ ದನಿ ಮೆತ್ತಗಿತ್ತು. "ಸತ್ಯ ಹೇಳೋಕೂ ಒಂದು ಹೊತ್ತಿರುತ್ತಮ್ಮ" ಅಂದರು. ಹೌದು ಅಂದೆ.

ಫೋನ್ ಇಟ್ಟು ನಿಂತೆ. ಉಸಿರು ತಾನಾಗಿ ಉದ್ದಕ್ಕೆ ಹೋಯಿತು. ಯಾರಿಗೂ ಹೇಳಿಕೊಡಲು ಅಲ್ಲ. ಆಮೇಲೆ ಅಳು ಬಂತು, ಅತ್ತೆ, ಮುಗಿಯಿತು. ಮುಂಚಿನಂತಿದ್ದರೆ ವಾರವಿಡೀ ಒಳಗೇ ಇರುತ್ತಿತ್ತು.

ಅಕ್ಕ ಕೇಳಿ ಒಂದೇ ಮಾತು ಅಂದಳು. "ಅವನಿಗೂ ಎದುರಿಗೆ ನಿಂತು ಹೇಳ್ಕೊಡೋದೇ ತಾನೆ ಕೆಲಸ? ಒಂದು ಮಾತು ಹೇಳ್ಬಾ ಅವನಿಗೆ."

ಮಾರ್ಚ್ 19, ಬುಧವಾರ

ಆಸ್ಪತ್ರೆಗೆ ಹೋಗಿ ಹೊಸ ಟೀಚರ್‌ನನ್ನು ಕಂಡು ಬಂದೆ. ತೆಳ್ಳಗಿನ ಹುಡುಗ, ಮರ್ಯಾದಸ್ಥ. ವಿಷಯ ಹೇಳಿದೆ. "ನಂಗೆ ಹಾಗಾಗಲ್ಲ ಮೇಡಮ್" ಅಂದ. ಕೂತಲ್ಲೇ ಬಲ ಸೊಂಟ ಒತ್ತಿ ನೋಡಿಕೊಂಡ, ಆಮೇಲೆ ಎಡ.

ಬೆಳಗಿನ ಕ್ಲಾಸಿನಲ್ಲಿ ನಾನು ತೋರಿಸುವುದು ನಿಲ್ಲಿಸಿದ್ದೇನೆ. ಸರದಿಯಂತೆ ಒಬ್ಬರು ಮುಂದೆ ಬರುತ್ತಾರೆ. ಇವತ್ತು ಕಂಡಕ್ಟರ್. ಕೈ ಅಷ್ಟು ನೇರ ಇಲ್ಲ, ಗತ್ತು ಮಾತ್ರ ಪೂರ್ತಿ. ಜತೆಗೆ ಅವರ ಹೆಂಡತಿ, ಮೊದಲ ಸಲ ಮೆಟ್ಟಿಲು ಹತ್ತಿ ಬಂದಿದ್ದರು. ಬಾಗಿಲಲ್ಲೇ ನನ್ನ ಕೈ ಹಿಡಿದರು. "ಇನ್ನೊಂದು ಕಡೆ ಇನ್ನೂ ಕಟ್ಟಿಗೆನೇ ಟೀಚರ್."

"ನಂದೂ" ಅಂದೆ.

ಇಬ್ಬರೂ ಹಿಂದಿನ ಸಾಲಿನಲ್ಲಿ ನಿಂತೆವು.

ಏಪ್ರಿಲ್ 7, ಸೋಮವಾರ, ಬೆಳಗ್ಗೆ

ಬ್ಯಾಂಕಿನ ಕ್ಲಾಸ್ ಬಿಟ್ಟೆ. ಕೈ ಬಿಗಿ ಮಾಡಬೇಕು. ನೋವು ಹೋಗಿಲ್ಲ, ಡಾಕ್ಟರ್ ಹೋಗುತ್ತದೆ ಅಂತಲೂ ಹೇಳಿಲ್ಲ. ಮೆಟ್ಟಿಲಲ್ಲಿ ಸೂಜಿ ಇದೆ, ಮೊದಲಿನಷ್ಟು ಉದ್ದವಿಲ್ಲ. ಆಯಾಸ ಇದೆ. ಆದರೆ ಅದು ಸಂಜೆ ಬರುತ್ತದೆ, ಬೆಳಗ್ಗೆ ಏಳುವಾಗಲೇ ಅಲ್ಲ.

ಅಕ್ಕ ಎದ್ದಿದ್ದಾಳೆ. ಮಂಚದ ತುದಿಯಲ್ಲಿ ಕೂತು ನೋಡುತ್ತಿದ್ದಾಳೆ.

"ಬರೀತಾನೇ ಇರ್ತೀಯೋ, ಮಾಡ್ತೀಯೋ?"

"ಮಾಡ್ತೀನಿ."

"ಸ್ವಲ್ಪ ಆ ಕಡೆ ಸರೀ. ನನಗೂ ಜಾಗ ಬಿಡು."

ಬೀರುವಿಗೂ ಮಂಚಕ್ಕೂ ನಡುವೆ ಎರಡು ಮ್ಯಾಟ್ ಹಿಡಿಯುವುದಿಲ್ಲ. ಮಂಚ ಸರಿಸಬೇಕು. ಉಳಿದದ್ದು ಆಮೇಲೆ ಬರೆಯುತ್ತೇನೆ. ಇವತ್ತು ಬಲಗಡೆಯಿಂದ ಶುರು, ಆಮೇಲೆ —