ಗೋದಾಮಿಲ್ಲದ ಗೇಟು

ಗೇಟಿನ ದೊರೆಯಾದ ನನ್ನ ತಮ್ಮನಿಗೆ,

ಜಯವಾಗಲಿ! ವಿಚಾರಣಾ ಸಮಿತಿಯವರು ಕೇಳಿದ್ದ ನಿನ್ನ ರೈಲ್ವೆ ಗೇಟಿನ ಪುಟ್ಟ ಮಾದರಿ ಸಿದ್ಧವಾಗಿದೆ. ನಾಳೆ ಅವರ ಮೇಜಿನ ಮೇಲೆ ಪರದೆ ಸರಿಯಲಿದೆ. ಕಂಪ್ಯೂಟರಿನಲ್ಲಿ ಎಳೆದ ಗೆರೆಯ ಮೇಲೆ ಲೇಸರ್ ಕಿರಣ ಓಡಿತೆಂದರೆ, ಆಹಾ, ಹಲಗೆ ಬೆಣ್ಣೆಯಂತೆ ತುಂಡಾಗುತ್ತದೆ! ಹಳಿ, ರೈಲು, ಅದು ಗುದ್ದಿದ ಬಸ್ಸು, ನಿನ್ನ ಕೋಣೆಯ ಕಿಟಕಿ, ಅದರಲ್ಲಿ ಅಕ್ಕಿಕಾಳಿನಷ್ಟು ನೀನು, ಎಲ್ಲವೂ ಇವೆ.

ಗೋದಾಮು ಮಾತ್ರ ಇಲ್ಲ.

"ಗೋದಾಮು ಅಡ್ಡ ಇತ್ತಣ್ಣ, ರೈಲು ಕಾಣಿಸ್ಲೇ ಇಲ್ಲ, ಅದಕ್ಕೇ ಗೇಟು ಹಾಕ್ಲಿಲ್ಲ. ಅದನ್ನೊಂದು ಸೇರಿಸು, ಇಲ್ಲಾಂದ್ರೆ ನಂಗೆ ಜೈಲೇ ಗತಿ" ಎಂದು ನೀನು ಫೋನಿನಲ್ಲಿ ಅತ್ತದ್ದು ನೆನಪಿದೆ. ಅಪಘಾತವಾದ ವಾರವೇ ಮಾಲೀಕ ಅದನ್ನು ಕೆಡವಿಸಿದ. ಕೆಡವುವ ಮೊದಲೇ ನಾನು ತೆಗೆದಿದ್ದ ಅಳತೆ ಸಮೇತ ಅದು ಉಳಿದಿದ್ದದ್ದು ನನ್ನ ಕಂಪ್ಯೂಟರಿನ ನಕ್ಷೆಯಲ್ಲಿ ಮಾತ್ರ. ಒಂದು ಗುಂಡಿ ಒತ್ತಿದೆ, ಅಲ್ಲಿಂದಲೂ ಹೋಯಿತು.

ತಂಗಿಯ ಮದುವೆಯಲ್ಲಿ ಬೀಗರೆದುರು ನೀನು ಹೊಡೆದ ಡೈಲಾಗು ನೆನಪಿದೆಯೇ? "ನಮ್ಮಣ್ಣಂಗೆ ನಿಜವಾದ ರೈಲಂದ್ರೆ ಭಯ ಕಣ್ರೀ, ಅದಕ್ಕೇ ಆಟದ ರೈಲು ಮಾಡ್ಕೊಂಡು ಕೂತಿದಾನೆ!" ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ಆದ್ದರಿಂದ ಈ ಪತ್ರವನ್ನು ಅವಳೇ ನಿನ್ನೆದುರು ನಿಂತು ಓದುತ್ತಿದ್ದಾಳೆ. ಓದಿ, ನಿನ್ನ ಕೈಗೆ ಕೊಡದೆ ವಾಪಸ್ ತರುತ್ತಾಳೆ.

ನಾಳೆ ದೊಡ್ಡ ದೊಡ್ಡವರು ಆ ಆಟಿಕೆಯ ಮುಂದೆ ಬಗ್ಗಿ, ನಿನ್ನ ಕಿಟಕಿಯಿಂದ ಕಣ್ಣು ಹಾಯಿಸುತ್ತಾರೆ. ರೈಲು ಬಲು ಚೆನ್ನಾಗಿ ಕಾಣುತ್ತದೆ.

ನಿನ್ನ ಬೊಂಬೆಗಿನ್ನೂ ಬಣ್ಣ ಹಚ್ಚಿಲ್ಲ. ಆ ದಿನ ಯಾವ ಬಣ್ಣದ ಅಂಗಿ ತೊಟ್ಟಿದ್ದೆ? ಅತ್ತಿಗೆಯ ಕೈಯಲ್ಲಿ ಹೇಳಿ ಕಳಿಸು. ಸುಳ್ಳು ಬಣ್ಣ ಹಚ್ಚಿದರೆ ನನ್ನ ಕೆಲಸಕ್ಕೆ ಕೆಟ್ಟ ಹೆಸರು.

ಇಂತಿ,
ಆಟದ ರೈಲಿನ ಅಣ್ಣ