ಕಪ್ಪಾದ ಹತ್ತಿ

ಅಪ್ಪಾ,

ಇವತ್ತು ಅಂಗಡಿಗೆ ಒಬ್ಬರು ಅಜ್ಜ ಟೇಪ್‌ರೆಕಾರ್ಡರ್ ತಂದಿದ್ರು. ಕ್ಯಾಸೆಟ್ಟಲ್ಲಿ ತೀರಿಹೋದ ಹೆಂಡ್ತಿ ದನಿ, ಮಂಕಾಗಿ ಕೇಳ್ತಿತ್ತು. ನಮ್ಮ ಓನರ್, "ಸ್ಪೀಕರಿಗೆ ಬೆಳ್ಳಿ ವೈರ್ ಹಾಕಿ ಸಾರ್, ಅಮ್ಮಾವ್ರು ಎದುರಿಗೇ ಕೂತು ಮಾತಾಡ್ತಾರೆ" ಅಂದ. ಥೂ, ಹೆಣಾನೂ ಬಿಡಲ್ಲ ಈ ಹದ್ದು.

ಅವನು ವೈರ್ ತರೋಕೆ ಒಳಗೆ ಹೋದಾಗ, ನೀನು ಕಲಿಸಿದ ಹಾಗೇ ಹತ್ತಿಗೆ ಸ್ಪಿರಿಟ್ ಹಾಕಿ, ಕ್ಯಾಸೆಟ್ ತಾಗೋ ಹೆಡ್ ಮೇಲೆ ಕೂತು ದನಿ ಮಂಕು ಮಾಡ್ತಿದ್ದ ಮಸಿ ಒರೆಸಿದೆ. ಹತ್ತಿ ಕಪ್ಪಗಾಯ್ತು. ಅವನು ಬಂದು ವೈರ್ ಸಿಕ್ಕಿಸಿದ ಮೇಲೆ, "ಊಟ ಆರೋಗುತ್ತೆ, ಏಳ್ರೀ" ಅಂತ ಅಜ್ಜಿ ಗದರಿದ್ದು ಪಕ್ಕದಲ್ಲೇ ನಿಂತ ಹಾಗೆ ಕೇಳಿಸ್ತು. ಅಜ್ಜ ಅಳ್ತಾ ಓನರಿಗೆ ಕೈಮುಗಿದು, ಮೂರು ತಿಂಗಳ ಪೆನ್ಷನ್ ಸುರಿದು ಆ ದರಿದ್ರ ವೈರ್ ಕೊಂಡ್ರು. ನಾನೇ ಅದನ್ನ ಪ್ಯಾಕ್ ಮಾಡಿಕೊಟ್ಟೆ, ಮಸಿ ಒರೆಸಿದ್ದನ್ನ ಹೇಳದೆ.

"ಇಲ್ಲೇ ಮಸಿ ಒರೆಸ್ತಾ ಸಾಯಿ" ಅಂತ ನಿನಗಂದು, ನಿನ್ನ ರಿಪೇರಿ ಅಂಗಡಿ ಬಿಟ್ಟು ಇವನ ಹತ್ರ ಬಂದವನು ನಾನು. ನೀನು ಸತ್ತೂ ಹೋದೆ. ಆ ಕರೀ ಹತ್ತಿ ಇನ್ನೂ ಜೇಬಲ್ಲಿದೆ, ಎಸೆಯೋಕೆ ಆಗ್ತಿಲ್ಲ.